ಶಾಸನದ ಮೌನ, ಕಾದಂಬರಿಯ ಮಾತು

ಐತಿಹಾಸಿಕ ಕಾದಂಬರಿಯಲ್ಲಿ ಇಸವಿ ತಪ್ಪಿದರೆ ಮರುಮುದ್ರಣದಲ್ಲಿ ತಿದ್ದಬಹುದು. ಕೋಟೆಗೆ ಎಷ್ಟು ಬಾಗಿಲುಗಳಿದ್ದವು, ಯಾವ ದಂಡನಾಯಕ ಯಾವ ಕಾಳಗದಲ್ಲಿದ್ದ ಎಂಬ ತಪ್ಪುಗಳೂ ಅಷ್ಟೆ. ಆದರೆ ಶತಮಾನಗಳ ಹಿಂದೆ ಸತ್ತ ವ್ಯಕ್ತಿಯೊಬ್ಬ ಏನನ್ನು ನಂಬಿದ್ದ, ಯಾಕೆ ಹಾಗೆ ನಡೆದುಕೊಂಡ, ಸಾಯುವ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕಾದಂಬರಿಕಾರ ಬರೆದಾಗ ಅದನ್ನು ತಪ್ಪೆಂದು ತೋರಿಸುವ ದಾರಿಯೂ ಇಲ್ಲ, ಸರಿಯೆಂದು ಸಾಧಿಸುವ ದಾರಿಯೂ ಇಲ್ಲ. ಹಾಗಿದ್ದರೆ ಅದು ಯಾವ ಬಗೆಯ ಮಾತು? ಅದನ್ನು ಸತ್ಯ ಅನ್ನಬಹುದೇ? ಮಾತಾಡಲಾರದವರ ಬಾಯಿಗೆ ಮಾತು ತುರುಕುವ ಅಧಿಕಾರ ಬರೆಯುವವನಿಗೆ ಎಲ್ಲಿಂದ ಬಂತು?

ಕನ್ನಡ ಓದುಗರಿಗೆ ಈ ಪ್ರಶ್ನೆ ಹೊಯ್ಸಳರ ಶಾಂತಲೆಯ ವಿಷಯದಲ್ಲಿ ಬಹಳ ಹತ್ತಿರದ್ದು. ವಿಷ್ಣುವರ್ಧನನ ಪಟ್ಟದ ರಾಣಿಯಾದ ಆಕೆ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನ ಪ್ರತಿಷ್ಠೆ ಮಾಡಿಸಿದಳು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. 1131ರ ಚೈತ್ರ ಮಾಸದಲ್ಲಿ ಶಾಂತಲೆ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳೆಂದು ಬೆಳಗೊಳದ ಶಾಸನ ಹೇಳುತ್ತದೆ. ಹೇಗೆ ತೀರಿಕೊಂಡಳು ಎಂಬುದನ್ನು ಹೇಳುವುದಿಲ್ಲ. ಅದೇ ಶಾಸನ ತಾಯಿಯ ಸಾವನ್ನು ಮಾತ್ರ ಕಣ್ಣಿಗೆ ಕಟ್ಟುವಂತೆ ವಿವರಿಸುತ್ತದೆ. ಮಗಳು ಹೋದ ಮೇಲೆ ತಾನು ಹಿಂದೆ ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಗುರುಗಳ ಎದುರಿನಲ್ಲಿ ಸನ್ಯಸನ ಕೈಗೊಂಡಳು. ಬಂಧುಗಳನ್ನು ಬೀಳ್ಕೊಟ್ಟು, ಕಣ್ಣನ್ನು ಅರೆಮುಚ್ಚಿ, ಪಂಚಪದಗಳನ್ನು ಜಪಿಸುತ್ತ ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು.

ತಾಯಿಯ ಬಗ್ಗೆ ಇಷ್ಟು, ಮಗಳ ಬಗ್ಗೆ ಒಂದೇ ಮಾತು. ಈ ಅಂತರವನ್ನು ಜನರ ಕಥೆ ತುಂಬಿಕೊಂಡಿತು. ಮಕ್ಕಳಿಲ್ಲದ ಕೊರಗಿನಿಂದ, ಗಂಡನಿಗೆ ಇನ್ನೊಬ್ಬಳಿಂದಾದರೂ ಉತ್ತರಾಧಿಕಾರಿ ಹುಟ್ಟಲೆಂದು, ಶಾಂತಲೆ ಶಿವಗಂಗೆಯ ಬೆಟ್ಟದ ತುದಿಯಿಂದ ಹಾರಿಕೊಂಡಳು ಎಂಬುದು ಆ ಕಥೆ. ಬೆಟ್ಟ ಹತ್ತಿದವರಿಗೆ ಆ ಜಾಗವನ್ನು ಈಗಲೂ ತೋರಿಸುತ್ತಾರೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾಗಿದ್ದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯಿಂದ ಆಕೆ ತ್ಯಾಗದ ಮೂರ್ತಿಯಾಗಿ ಮನೆಮನೆಗೆ ಪರಿಚಿತಳಾದಳು. ಸಿ.ಕೆ. ನಾಗರಾಜರಾವ್ ಶಾಸನಗಳನ್ನು ಜಾಲಾಡಿ, ಆಕೆ ಬಂಜೆಯಾಗಿದ್ದಳು, ಆತ್ಮಹತ್ಯೆ ಮಾಡಿಕೊಂಡಳು ಎಂಬ ಮಾತನ್ನು ಒಪ್ಪದೆ ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿ ಬರೆದರು. ಅದಕ್ಕೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು.

ಇದನ್ನು ಇಬ್ಬರು ಲೇಖಕರ ಕಥೆ ಕಟ್ಟುವ ರೀತಿಯ ವ್ಯತ್ಯಾಸ ಎಂದು ಬಿಟ್ಟುಬಿಡುವ ಹಾಗಿಲ್ಲ. ಜೈನ ಶಾಸ್ತ್ರದ ಒಳಗೆ ನಿಂತು ನೋಡಿದರೆ ಸಾವಿನ ಬಗೆಯೇ ಒಂದು ತೀರ್ಪು. ಮಾಚಿಕಬ್ಬೆಯಂತೆ ಉಪವಾಸದಿಂದ ದೇಹ ಬಿಡುವ ವ್ರತವಾದ ಸಲ್ಲೇಖನಕ್ಕೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು, ಅಂದರೆ ದೋಷಗಳನ್ನು, ಎಣಿಸುತ್ತದೆ. ಬದುಕಬೇಕೆಂಬ ಆಸೆ ಅವುಗಳಲ್ಲಿ ಒಂದು, ಬೇಗ ಸಾಯಬೇಕೆಂಬ ಆಸೆ ಇನ್ನೊಂದು. ಮಿತ್ರರ ಮೇಲಿನ ಮೋಹ, ಅನುಭವಿಸಿದ ಸುಖದ ನೆನಪು, ಮುಂದಿನ ಜನ್ಮದ ಫಲಾಪೇಕ್ಷೆ ಉಳಿದ ಮೂರು. ಅಂದರೆ ದುಃಖ ತಾಳಲಾರದೆ ಸಾವನ್ನು ಬಯಸುವುದಕ್ಕೂ ಸಲ್ಲೇಖನಕ್ಕೂ ನಡುವೆ ಶಾಸ್ತ್ರ ಗಟ್ಟಿಯಾದ ಗೆರೆ ಎಳೆದಿದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಇನ್ನೂ ನೇರವಾಗಿದೆ. ನದಿ ಸಮುದ್ರಗಳ ಸ್ನಾನ, ಮರಳು ಕಲ್ಲುಗಳ ರಾಶಿ ಹಾಕುವುದು, ಬೆಂಕಿಗೆ ಬೀಳುವುದು, ಬೆಟ್ಟದಿಂದ ಬೀಳುವುದು ಇವೆಲ್ಲವನ್ನೂ ಅದು ಲೋಕಮೂಢತೆ ಎನ್ನುತ್ತದೆ. ಜೈನ ಗುರುಗಳ ಶಿಷ್ಯೆಯಾಗಿ ಬಸದಿ ಕಟ್ಟಿಸಿದ ರಾಣಿಯೊಬ್ಬಳನ್ನು ಆ ಧರ್ಮ ಹೆಸರು ಹಿಡಿದು ನಿಷೇಧಿಸಿದ ರೀತಿಯಲ್ಲೇ ಸಾಯಿಸುವುದೆಂದರೆ ಅವಳ ಶ್ರದ್ಧೆ ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿತು ಎಂದು ಹೇಳಿದಂತೆ. ಓದುಗ ಅದನ್ನು ತ್ಯಾಗವೆಂದು ಓದಿ ಕಣ್ಣೀರಿಡುತ್ತಾನೆ. ಅವಳ ಕಾಲದ ಜೈನ ಮುನಿ ಅದನ್ನು ಹಾಗೆ ಓದುತ್ತಿರಲಿಲ್ಲ.

ಇದಕ್ಕೆ ಎದುರು ವಾದವೂ ಇದೆ. ಮನುಷ್ಯರು ಶಾಸ್ತ್ರ ಓದಿಕೊಂಡು ಸಾಯುವುದಿಲ್ಲ, ದುಃಖಕ್ಕೆ ಸಿದ್ಧಾಂತ ಗೊತ್ತಿಲ್ಲ. ಅದಲ್ಲದೆ ರಾಣಿ ಸನ್ಯಸನದಿಂದ ತೀರಿಕೊಂಡಿದ್ದರೆ ತಾಯಿಯದನ್ನು ಅಷ್ಟು ವಿವರವಾಗಿ ಬರೆಸಿದ ಶಾಸನ ಮಗಳದನ್ನು ಬಿಡುತ್ತಿತ್ತೇ? ಮೀಮಾಂಸಕರ ಅನುಪಲಬ್ಧಿ ಪ್ರಮಾಣವನ್ನು ಇಲ್ಲಿ ಹಚ್ಚಿ ನೋಡಬಹುದು. ಒಂದು ವಸ್ತು ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದಾಗದು, ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ರಾಣಿಯ ಸಲ್ಲೇಖನ ನಡೆದಿದ್ದರೆ ಶಾಸನದಲ್ಲಿ ಕಾಣಬೇಕಾಗಿತ್ತು, ಆದ್ದರಿಂದ ಅದು ನಡೆದಿರಲಾರದು ಎಂಬವರೆಗೆ ಈ ಪ್ರಮಾಣ ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ಬೆಟ್ಟದ ತುದಿಯವರೆಗೆ ಕರೆದೊಯ್ಯುವುದಿಲ್ಲ. ಜ್ವರದಿಂದಲೋ ಹಠಾತ್ ರೋಗದಿಂದಲೋ ಸತ್ತವರ ಶಾಸನವೂ ಹೀಗೆಯೇ ಚುಟುಕಾಗಿರುತ್ತದೆ. ಇತಿಹಾಸಕಾರ ಇಲ್ಲಿಗೆ ನಿಲ್ಲಬಹುದು, ಗೊತ್ತಿಲ್ಲ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗಬಹುದು. ಕಾದಂಬರಿಕಾರನಿಗೆ ಆ ಸೌಲಭ್ಯವಿಲ್ಲ. ನಾಯಕಿ ಸಾಯಬೇಕು, ಹೇಗಾದರೂ ಸಾಯಲೇಬೇಕು.

ಹಾಗೆ ಆಯ್ದುಕೊಳ್ಳುವ ಸ್ವಾತಂತ್ರ್ಯವನ್ನು ಭಾರತೀಯ ಕಾವ್ಯಮೀಮಾಂಸೆ ಧಾರಾಳವಾಗಿಯೇ ಕೊಟ್ಟಿದೆ. ಧನಂಜಯನ ದಶರೂಪಕ ಕಥಾವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಇತಿಹಾಸದಿಂದ ಬಂದದ್ದು ಪ್ರಖ್ಯಾತ, ಕವಿ ಕಲ್ಪಿಸಿದ್ದು ಉತ್ಪಾದ್ಯ, ಎರಡೂ ಕೂಡಿದ್ದು ಮಿಶ್ರ. ಇಂದಿನ ಐತಿಹಾಸಿಕ ಕಾದಂಬರಿಯನ್ನು ಈ ಮೂರನೆಯ ಗೂಡಿನಲ್ಲಿ ಇಡಬಹುದು. ಒಂಬತ್ತನೆಯ ಶತಮಾನದ ಆನಂದವರ್ಧನ ಇನ್ನೂ ಮುಂದೆ ಹೋಗುತ್ತಾನೆ. ಇತಿಹಾಸದಲ್ಲಿ ಬಂದ ಘಟನೆ ರಸಕ್ಕೆ ಅಡ್ಡವಾದರೆ ಕವಿ ಅದನ್ನು ಕೈಬಿಟ್ಟು ಬೇರೆ ರೀತಿ ಕಲ್ಪಿಸಬೇಕು, ನಡೆದದ್ದನ್ನು ನಡೆದಂತೆ ಒಪ್ಪಿಸುವುದರಿಂದ ಕವಿಗೆ ಪ್ರಯೋಜನವಿಲ್ಲ, ಆ ಕೆಲಸವನ್ನು ಇತಿಹಾಸವೇ ಮಾಡಿಕೊಳ್ಳುತ್ತದೆ ಎಂಬುದು ಧ್ವನ್ಯಾಲೋಕದ ನಿಲುವು. ಅರಿಸ್ಟಾಟಲ್ ಕಾವ್ಯವನ್ನು ಇತಿಹಾಸಕ್ಕಿಂತ ಹೆಚ್ಚು ತಾತ್ವಿಕ ಎಂದು ಕರೆದದ್ದೂ ಇದರ ಹತ್ತಿರದ ಮಾತೇ. ಆದರೆ ಆನಂದವರ್ಧನ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ರಾಮಾಯಣದಂಥ, ಜನರ ಮನಸ್ಸಿನಲ್ಲಿ ಆಗಲೇ ರಸ ಸಿದ್ಧವಾಗಿರುವ ಕಥೆಗಳಲ್ಲಿ ಆ ರಸಕ್ಕೆ ವಿರೋಧವಾದ ಸ್ವಂತ ಕಲ್ಪನೆ ಸೇರಿಸಬಾರದು. ಸ್ವಾತಂತ್ರ್ಯ ಕೊಟ್ಟ ಕೈಯೇ ಬೇಲಿಯನ್ನೂ ಹಾಕಿದೆ. ಆ ಬೇಲಿ ಇರುವುದು ದಾಖಲೆಯ ಸುತ್ತ ಅಲ್ಲ, ಸಮುದಾಯದ ನೆನಪಿನ ಸುತ್ತ.

ಆನಂದವರ್ಧನನಂತೆ ಕಾಶ್ಮೀರದವನೇ ಆದ ಕಲ್ಹಣ ಬೇರೆ ದಾರಿ ಹಿಡಿದ. ಶಾಂತಲೆ ತೀರಿಕೊಂಡು ಎರಡು ದಶಕ ಕಳೆಯುವ ಮೊದಲೇ, 1148ರಿಂದ 1150ರ ನಡುವೆ, ಆತ ರಾಜತರಂಗಿಣಿ ಬರೆದ. ಹಳೆಯ ಗ್ರಂಥಗಳನ್ನೂ ಶಾಸನಗಳನ್ನೂ ನೋಡಿ ಬರೆದೆನೆಂದು ಹೇಳಿಕೊಳ್ಳುವ ಕಲ್ಹಣನ ಪ್ರಕಾರ ಹಿಂದಿನದನ್ನು ಹೇಳುವ ಕವಿ ರಾಗದ್ವೇಷ ಬಿಟ್ಟು ನ್ಯಾಯಾಧೀಶನಂತೆ ಮಾತಾಡಬೇಕು. ಹಾಗೆಂದು ಆತ ಕಾವ್ಯ ಬಿಡಲಿಲ್ಲ, ಇಡೀ ಗ್ರಂಥಕ್ಕೆ ಶಾಂತರಸವೇ ಪ್ರಧಾನವೆಂದ. ಸಿಂಹಾಸನಗಳು ಒಂದರ ಹಿಂದೊಂದು ಉರುಳುವುದನ್ನು ನೋಡಿದವನಿಗೆ ಹುಟ್ಟುವ ವೈರಾಗ್ಯ ಅದು. ಐತಿಹಾಸಿಕ ಬರವಣಿಗೆಗೆ ಒಂದು ಧಾರ್ಮಿಕ ಪ್ರಯೋಜನವಿದೆ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ. ಕನ್ನಡದ ಆದಿಕವಿ ಪಂಪನಾದರೋ ಬೆರಕೆಯನ್ನು ಬಹಿರಂಗವಾಗಿಯೇ ಮಾಡಿದ. 941ರ ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನೂ ಕವಿಯ ಆಶ್ರಯದಾತನಾದ ವೇಮುಲವಾಡದ ದೊರೆ ಅರಿಕೇಸರಿಯೂ ಒಂದೇ. ಅದನ್ನು ಕೇಳಿದ ಸಭೆಗೆ ಎಲ್ಲಿ ಭಾರತ, ಎಲ್ಲಿ ವೇಮುಲವಾಡ ಎಂಬ ಗೊಂದಲವಿರಲಿಲ್ಲ. ಆಟದ ನಿಯಮ ಎಲ್ಲರಿಗೂ ಗೊತ್ತಿತ್ತು.

ನಿಯಮ ಗೊತ್ತಿಲ್ಲದ ಓದುಗ ಬಂದಾಗ ತೊಡಕು ಶುರುವಾಗುತ್ತದೆ. ಇಟಲಿಯ ಅಲೆಸ್ಸಾಂಡ್ರೊ ಮಾಂಝೋನಿಯಷ್ಟು ಈ ತೊಡಕನ್ನು ಆಳವಾಗಿ ಯೋಚಿಸಿದವರು ವಿರಳ. ಸ್ಪೇನಿನ ಆಳ್ವಿಕೆಯಲ್ಲಿದ್ದ ಹದಿನೇಳನೆಯ ಶತಮಾನದ ಲೊಂಬಾರ್ಡಿಯನ್ನೂ ಮಿಲಾನಿನ 1630ರ ಪ್ಲೇಗನ್ನೂ ಹಿನ್ನೆಲೆಯಾಗಿಟ್ಟು ಆತ 1827ರಲ್ಲಿ ಪ್ರಕಟಿಸಿದ ಕಾದಂಬರಿ ಇಟಲಿಯ ಗದ್ಯಕ್ಕೇ ಮಾದರಿಯಾಯಿತು. ಅದೇ ಮನುಷ್ಯ 1850ರಲ್ಲಿ ಒಂದು ಪ್ರಬಂಧ ಪ್ರಕಟಿಸಿ ಐತಿಹಾಸಿಕ ಕಾದಂಬರಿ ಎಂಬ ಪ್ರಕಾರವೇ ಒಳಗಿನಿಂದ ಮುರಿದದ್ದು ಎಂದು ವಾದಿಸಿದ. ಅವನ ತರ್ಕ ಸರಳ. ಒಂದು ಬಗೆಯ ಓದುಗ, ಯಾವುದು ನಡೆದದ್ದು ಯಾವುದು ಕಟ್ಟಿದ್ದು ಎಂದು ತಿಳಿಯುವುದಿಲ್ಲ, ಮೋಸವಾಯಿತು ಎಂದು ದೂರುತ್ತಾನೆ. ಎರಡನ್ನೂ ಬೇರ್ಪಡಿಸಿ ತೋರಿಸಿದರೆ ಇನ್ನೊಬ್ಬ ಓದುಗ ಕಥೆಯ ಬೆಸುಗೆ ಬಿಟ್ಟುಹೋಯಿತು ಎಂದು ದೂರುತ್ತಾನೆ. ಇಬ್ಬರ ದೂರೂ ನ್ಯಾಯವಾದದ್ದೇ. ಒಂದೇ ಪುಸ್ತಕ ಇಬ್ಬರನ್ನೂ ತೃಪ್ತಿಪಡಿಸಲಾರದು. ಕಾದಂಬರಿಯ ಪರಿಷ್ಕೃತ ಆವೃತ್ತಿಗೆ ಮಾಂಝೋನಿ ಒಂದು ಶುದ್ಧ ಇತಿಹಾಸ ಗ್ರಂಥವನ್ನೇ ಅನುಬಂಧವಾಗಿ ಜೋಡಿಸಿದ್ದ. ಪ್ಲೇಗು ಹರಡಿದರೆಂದು ಸುಳ್ಳು ಆರೋಪ ಹೊರಿಸಿ, ಚಿತ್ರಹಿಂಸೆ ಕೊಟ್ಟು ಕೊಂದವರ ವಿಚಾರಣೆಯ ಕಥೆ ಅದು. ನಿಜವಾಗಿ ಹಿಂಸೆ ಅನುಭವಿಸಿ ಸತ್ತವರ ನೋವಿಗೆ ಕಲ್ಪನೆಯ ನೋವನ್ನು ಬೆರೆಸಲು ಅವನ ಮನಸ್ಸು ಒಪ್ಪಿರಲಾರದು.

ಮಾಂಝೋನಿಯ ತರ್ಕ ಒಂದು ಊಹೆಯ ಮೇಲೆ ನಿಂತಿದೆ. ಒಂದು ಕಡೆ ಕಲ್ಪನೆ ಸೋಂಕದ ದಾಖಲೆ ಇದೆ, ಇನ್ನೊಂದು ಕಡೆ ಕಲ್ಪನೆ ಇದೆ ಎಂಬುದೇ ಆ ಊಹೆ. ಬೆಳಗೊಳದ ಶಾಸನವನ್ನು ಮತ್ತೊಮ್ಮೆ ನೋಡಿದರೆ ಅದು ಸಡಿಲವಾಗುತ್ತದೆ. ಮಗಳ ಹಿಂದೆ ತಾನು ಉಳಿಯಲಾರೆನೆಂಬ ಮಾಚಿಕಬ್ಬೆಯ ಮಾತನ್ನು ಕಲ್ಲಿಗೆ ಇಳಿಸಿದವನು ಒಬ್ಬ ಕವಿ. ಆ ತಾಯಿ ಹಾಗೆ ಅಂದಳೇ, ಅನ್ನಬೇಕಿತ್ತು ಎಂದು ಅವನು ಬರೆದನೇ? ರಾಣಿಯ ರೂಪ, ಪಾಂಡಿತ್ಯ, ಪತಿಭಕ್ತಿಗಳ ಹೊಗಳಿಕೆ ಆ ಕಾಲದ ಪ್ರಶಸ್ತಿ ಬರೆಯುವವರ ಸಿದ್ಧ ಸಾಮಗ್ರಿ. ಸವತಿಯರ ಪಾಲಿಗೆ ಮದಗಜ ಎಂಬ ಬಿರುದನ್ನು ತಾನು ಕಟ್ಟಿಸಿದ ಬಸದಿಗೇ ಇಟ್ಟ ರಾಣಿ, ಸವತಿಗೆ ದಾರಿ ಬಿಟ್ಟು ಪ್ರಾಣ ತೆತ್ತ ಜನಪ್ರಿಯ ಕಥೆಯ ಶಾಂತಲೆಗಿಂತ ಬೇರೆಯೇ ಆಗಿ ಕಾಣುತ್ತಾಳೆ. ಆದರೆ ಆ ಬಿರುದು ಕೂಡ ಬಿರುದೇ. ಶಾಸನವೂ ಸತ್ತವರ ಅಂತರಂಗಕ್ಕೆ ಕೈಹಾಕಿದೆ. ಕಾದಂಬರಿಕಾರನಿಗಿಂತ ಎಂಟು ನೂರು ವರ್ಷ ಮೊದಲು ಹಾಕಿತು ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ಇಂಗ್ಲಿಷ್ ತತ್ತ್ವಜ್ಞಾನಿ ಆರ್.ಜಿ. ಕಾಲಿಂಗ್‌ವುಡ್ ಇತಿಹಾಸಕಾರನೂ ಸತ್ತವರ ಆಲೋಚನೆಯನ್ನು ತನ್ನ ಮನಸ್ಸಿನಲ್ಲಿ ಮತ್ತೆ ನಡೆಸಿಕೊಳ್ಳಲೇಬೇಕು ಎಂದ. ಕಾದಂಬರಿಕಾರನ ಚಿತ್ರ ತನ್ನೊಳಗೆ ಹೊಂದಿಕೊಂಡಿದ್ದರೆ ಸಾಕು, ಇತಿಹಾಸಕಾರನ ಚಿತ್ರ ಸಾಕ್ಷ್ಯಕ್ಕೂ ಕಾಲದೇಶಗಳಿಗೂ ಹೊಂದಬೇಕು ಎಂಬುದು ಅವನು ಕಾಣಿಸಿದ ವ್ಯತ್ಯಾಸ. ಐತಿಹಾಸಿಕ ಕಾದಂಬರಿ ಸಾಕ್ಷ್ಯಕ್ಕೆ ಹೊಂದುತ್ತೇನೆಂದು ಮಾತು ಕೊಟ್ಟ ಕಾದಂಬರಿ. ಸಾಕ್ಷ್ಯ ಮುಗಿದಲ್ಲಿಂದ ಮುಂದೆಯೂ ಮಾತಾಡಬೇಕಾದ್ದರಿಂದ ಅದರ ಕಷ್ಟ ಎರಡರಷ್ಟು.

ಈ ಕಷ್ಟ ತೀವ್ರವಾಗುವುದು ಶ್ರದ್ಧೆಯ ವಿಷಯದಲ್ಲಿ. ಜೈನನಾಗಿದ್ದ ಬಿಟ್ಟಿದೇವ ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದ ಎಂಬುದು ಎಲ್ಲರೂ ಕೇಳಿದ ಪರಂಪರೆಯ ಮಾತು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಆದರೆ 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ, ತಂದೆಯ ನೆನಪಿಗೆ ಹಳೇಬೀಡಿನಲ್ಲಿ ಪಾರ್ಶ್ವನಾಥನ ಬಸದಿ ಕಟ್ಟಿಸಿದಾಗ ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ದೊರೆಗೆ ತಲುಪಿತು. ಆಗಷ್ಟೇ ಯುದ್ಧ ಗೆದ್ದು ಮಗನನ್ನೂ ಪಡೆದಿದ್ದ ವಿಷ್ಣುವರ್ಧನ ಅದನ್ನು ಭಕ್ತಿಯಿಂದ ಸ್ವೀಕರಿಸಿ ದೇವರಿಗೆ ವಿಜಯಪಾರ್ಶ್ವ ಎಂಬ ಹೆಸರು ಕೊಟ್ಟ. ಇದನ್ನು ಮತಾಂತರ ಎನ್ನುವುದೇ, ರಾಜನೀತಿ ಎನ್ನುವುದೇ, ಇಷ್ಟದೇವತೆಯ ಬದಲಾವಣೆ ಎನ್ನುವುದೇ?

ಮತಾಂತರವೆಂದರೆ ಇಂದಿನ ಓದುಗನ ಕಣ್ಣ ಮುಂದೆ ಬರುವುದು ಜನಗಣತಿಯ ಕಾಲಂ, ಹೆಸರಿನ ಬದಲಾವಣೆ, ಮನೆಯವರ ಜಗಳ. ಅಪ್ಪ ಶೈವ, ಅಮ್ಮ ಜೈನೆ, ಗಂಡ ವೈಷ್ಣವ ಆಗಿದ್ದ ಒಂದು ಮನೆಯನ್ನು ಆ ಕಣ್ಣಿನಿಂದ ನೋಡಿದರೆ ರಾತ್ರಿಯೆಲ್ಲ ವಾದ, ಕಣ್ಣೀರು, ಅಂತರಂಗದ ಹೋರಾಟ ತಾನಾಗಿ ಕಥೆಯೊಳಗೆ ಬಂದುಬಿಡುತ್ತವೆ. ಅದು ಹನ್ನೆರಡನೆಯ ಶತಮಾನಕ್ಕೆ ಇಪ್ಪತ್ತನೆಯ ಶತಮಾನದ ಬಟ್ಟೆ ತೊಡಿಸಿದಂತೆ. ಕನ್ನಡದಲ್ಲಿ ಹೆಚ್ಚಾಗಿ ಕಾಣುವ ದೋಷ ಇದರ ಎದುರಿನದು. ಹೊಯ್ಸಳರ ಅರಮನೆಯನ್ನು ಸರ್ವಧರ್ಮ ಸಮನ್ವಯದ ಭಿತ್ತಿಚಿತ್ರವಾಗಿಸುವುದು. ಅದೇ ಶತಮಾನದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಅಬ್ಬಲೂರಿನಲ್ಲಿ ಜೈನರೊಡನೆ ಪಂಥ ಕಟ್ಟಿ ತಲೆ ಕತ್ತರಿಸಿಕೊಂಡು ಮತ್ತೆ ಪಡೆದನೆಂದೂ, ಅಲ್ಲಿನ ಬಸದಿ ಶಿವಾಲಯಕ್ಕೆ ದಾರಿ ಬಿಟ್ಟಿತೆಂದೂ ಆ ಊರಿನ ಶಾಸನ ಹೆಮ್ಮೆಯಿಂದ ಬರೆದುಕೊಂಡಿದೆ. ಆ ಕಾಲದವರಿಗೆ ಸೌಹಾರ್ದವೂ ಗೊತ್ತಿತ್ತು, ಹಗೆತನವೂ ಗೊತ್ತಿತ್ತು. ಎರಡರ ನಡುವೆ ಅವರು ಗೆರೆ ಎಳೆಯುತ್ತಿದ್ದ ಜಾಗ ಮಾತ್ರ ಇಂದಿನದಲ್ಲ. ಆ ಗೆರೆಯನ್ನು ಹುಡುಕುವುದು ಕಾದಂಬರಿಯ ಕೆಲಸ. ಹುಡುಕಿದ ಕಾದಂಬರಿಗಳು ಕೈಬೆರಳಲ್ಲಿ ಎಣಿಸುವಷ್ಟು.

ಕೆಲವರು ಈ ತೊಡಕಿನಿಂದ ಜಾಣತನದಿಂದ ಪಾರಾಗಿದ್ದಾರೆ. ಹೆಸರಾಂತ ವ್ಯಕ್ತಿಯನ್ನು ದೂರದಲ್ಲಿ ನಿಲ್ಲಿಸಿ ಕಲ್ಪಿತ ಸಾಮಾನ್ಯನೊಬ್ಬನ ಕಣ್ಣಿನಿಂದ ಕಾಲವನ್ನು ನೋಡುವುದು ಆ ದಾರಿ. ವಾಲ್ಟರ್ ಸ್ಕಾಟ್ 1814ರ ‘ವೇವರ್ಲಿ’ಯಲ್ಲಿ ಇದನ್ನು ರೂಢಿಗೆ ತಂದ, ಹಂಗೆರಿಯ ವಿಮರ್ಶಕ ಲುಕಾಚ್ ಇದನ್ನೇ ಆ ಪ್ರಕಾರದ ಜೀವಾಳವೆಂದ. ಎಸ್.ಎಲ್. ಭೈರಪ್ಪನವರ ‘ಸಾರ್ಥ’ದಲ್ಲಿ ಕುಮಾರಿಲ, ಮಂಡನಮಿಶ್ರ, ಶಂಕರರ ಸುತ್ತ ಸುತ್ತುವವನು ಕಲ್ಪಿತ ನಾಗಭಟ್ಟ. ವಸುಧೇಂದ್ರರ ‘ತೇಜೋ ತುಂಗಭದ್ರಾ’ದಲ್ಲಿ ಲಿಸ್ಬನ್ನಿಗೂ ತುಂಗಭದ್ರೆಯ ದಡಕ್ಕೂ ಮತದ ಹೆಸರಿನ ಹಿಂಸೆಯನ್ನು ಹೊತ್ತು ತಿರುಗುವವರು ಯಾವ ಶಾಸನದಲ್ಲೂ ಹೆಸರಿಲ್ಲದವರು. ಹೆಸರಿಲ್ಲದವರ ಅಂತರಂಗಕ್ಕೆ ಹೋಗುವಾಗ ಯಾರ ಮೇಲೂ ಸುಳ್ಳು ಹೇಳಿದಂತಾಗುವುದಿಲ್ಲ, ದಾಖಲೆ ಬಿಟ್ಟುಹೋದ ಜನರಿಗೆ ಜಾಗವೂ ಸಿಗುತ್ತದೆ. ಆದರೆ ಎಲ್ಲ ಕಾದಂಬರಿಗಳೂ ಹೀಗೆ ಪಕ್ಕದ ಬಾಗಿಲಿನಿಂದ ಹೋಗಲಾರವು. ಕೆಲವಕ್ಕೆ ದೊರೆಯೇ ಬೇಕು.

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಅಂಥದ್ದು. 1956ರಲ್ಲಿ ಬಂದ ಈ ಕಾದಂಬರಿಯ ಕೊನೆ ಪುಟ ತೆರೆಯುವ ಮೊದಲೇ ಓದುಗನಿಗೆ ಗೊತ್ತು. 1834ರಲ್ಲಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. ದೊರೆಯನ್ನು ಕಾಶಿಗೆ ಕಳಿಸಿದರು. ಅವನು 1852ರಲ್ಲಿ ಲಂಡನ್ನಿಗೆ ಹೋಗಿ, ಮಗಳು ಗೌರಮ್ಮನನ್ನು ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತಳನ್ನಾಗಿಸಿ, 1859ರಲ್ಲಿ ಅಲ್ಲೇ ಸತ್ತ. ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ ಶೀರ್ಷಿಕೆಯಲ್ಲೇ ಕೊನೆ ಹೇಳಿಬಿಟ್ಟಿದೆ. 1779ರಲ್ಲಿ ಚಿತ್ರದುರ್ಗ ಹೈದರನ ವಶವಾಗುತ್ತದೆ, ಮದಕರಿನಾಯಕ ಸೆರೆಯಾಗುತ್ತಾನೆ. ಓದುಗನಿಗೆ ಗೊತ್ತಿರುವುದು ಪಾತ್ರಗಳಿಗೆ ಗೊತ್ತಿಲ್ಲ. ದೇವರಿಗೆ ಮುಂದಿನದೆಲ್ಲ ತಿಳಿದಿದ್ದರೆ ಮನುಷ್ಯನ ಆಯ್ಕೆಗೆ ಅರ್ಥವೇನು ಎಂಬ ಹಳೆಯ ಪ್ರಶ್ನೆಯ ಎದುರು ಓದುಗ ಇಲ್ಲಿ ದೇವರ ಜಾಗದಲ್ಲಿ ಕೂತು ಯೋಚಿಸಬೇಕಾಗುತ್ತದೆ. ಟಾಲ್‌ಸ್ಟಾಯ್ ‘ಯುದ್ಧ ಮತ್ತು ಶಾಂತಿ’ಯ ಕೊನೆಯಲ್ಲಿ ಪಾತ್ರಗಳನ್ನೆಲ್ಲ ಬದಿಗಿಟ್ಟು ಈ ಪ್ರಶ್ನೆಗೇ ಪುಟಗಟ್ಟಲೆ ಬರೆದ. ಹಿಂದಕ್ಕೆ ತಿರುಗಿ ನೋಡಿದಷ್ಟೂ ಎಲ್ಲವೂ ಹಾಗೆಯೇ ಆಗಬೇಕಿತ್ತು ಎನ್ನಿಸುತ್ತದೆ, ಮಾಡುತ್ತಿರುವ ಗಳಿಗೆಯಲ್ಲಿ ಮಾತ್ರ ಸ್ವತಂತ್ರ ಎನ್ನಿಸುತ್ತದೆ ಎಂಬುದು ಅಲ್ಲಿನ ಚಿಂತನೆಯ ಸಾರ.

ಮಾಸ್ತಿಯವರ ಹೆಚ್ಚುಗಾರಿಕೆ ಈ ಎರಡನೆಯದನ್ನು ಬಿಡದಿರುವುದರಲ್ಲಿದೆ. ಅವರ ದೊರೆ ಕ್ರೂರಿ, ಕುಡುಕ, ಕಾಮುಕ. ಅಷ್ಟೇ ಆಗಿದ್ದರೆ ಅವನು ಇಂಗ್ಲಿಷರ ಘೋಷಣಾಪತ್ರದ ದೊರೆಯಾಗುತ್ತಿದ್ದ. ಕೊಡಗಿನ ಜನ ಒಮ್ಮತದಿಂದ ಕೇಳಿಕೊಂಡದ್ದರಿಂದ ಸೀಮೆಯನ್ನು ತೆಗೆದುಕೊಂಡೆವು ಎಂದು 1834ರ ಮೇ 7ರಂದು ಕರ್ನಲ್ ಫ್ರೇಸರ್ ಸಾರಿದ. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ರಾಜವಂಶದ ಹೆಸರಿನಲ್ಲಿ ಸುಳ್ಯದ ಕಡೆ ದಂಗೆ ಎದ್ದದ್ದನ್ನು ನೋಡಿದರೆ ಆ ಒಮ್ಮತ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ. ಗೆದ್ದವರ ಕಾಗದದಲ್ಲಿ ಸೋತವನು ಕೆಟ್ಟವನಾಗಲೇಬೇಕು. ಮಾಸ್ತಿ ಆ ಕಾಗದವನ್ನು ತಳ್ಳಿಹಾಕದೆ, ದೊರೆಯನ್ನು ಪುಣ್ಯಾತ್ಮನನ್ನಾಗಿ ತೊಳೆಯದೆ, ಪ್ರತಿ ಸಂದರ್ಭದಲ್ಲೂ ಅವನಿಗೆ ಬೇರೆ ದಾರಿಯೊಂದಿತ್ತು ಎಂಬುದನ್ನು ಕಾಣಿಸುತ್ತಾರೆ. ಮಂತ್ರಿ ಬೋಪಣ್ಣನಿಗೂ ಇತ್ತು. ದೊರೆಯ ಹೆಂಡತಿ, ರಾಣಿ ಗೌರಮ್ಮ, ಆ ದಾರಿಯನ್ನು ಮತ್ತೆ ಮತ್ತೆ ತೋರಿಸುತ್ತಾಳೆ. ಮೈಸೂರು ಸರ್ಕಾರದಲ್ಲಿ ಅಧಿಕಾರಿಯಾಗಿದ್ದ ಮಾಸ್ತಿಯವರಿಗೆ ಒಂದು ರಾಜ್ಯ ಕುಸಿಯುವಾಗ ನಡೆಯುವ ಸಣ್ಣ ಸಣ್ಣ ಆಡಳಿತದ ತಪ್ಪುಗಳ ಪರಿಚಯ ಚೆನ್ನಾಗಿತ್ತು. ಪಾಪಕ್ಕೆ ಶಿಕ್ಷೆಯಾಯಿತು ಎಂಬ ಪುರಾಣದ ತೀರ್ಪೂ ಅಲ್ಲಿಲ್ಲ, ವಿಧಿ ಹಾಗಿತ್ತು ಎಂಬ ನಿಟ್ಟುಸಿರೂ ಅಲ್ಲಿಲ್ಲ. ಕರ್ಮ ಎಂದರೆ ಮಾಡಿದ್ದು ಎಂಬ ಅರ್ಥದಲ್ಲಿ ಅದು ಕರ್ಮದ ಕಥೆ. ಐತಿಹಾಸಿಕ ಕಾದಂಬರಿ ಹೇಳಬಹುದಾದ ಸತ್ಯ ಯಾವುದೆಂದು ಕೇಳಿದರೆ ಉತ್ತರ ಇಲ್ಲಿದೆ. ಸತ್ತವನ ಮನಸ್ಸಿನಲ್ಲಿ ಏನಿತ್ತೆಂದು ಅದು ಸಾಧಿಸಲಾರದು. ತನ್ನ ಕೊನೆ ಗೊತ್ತಿಲ್ಲದೆ ಬದುಕಿದ್ದವನು ಅವನು ಎಂಬುದನ್ನು ಮಾತ್ರ ಇತಿಹಾಸ ಗ್ರಂಥಕ್ಕಿಂತ ಚೆನ್ನಾಗಿ ಹೇಳಬಲ್ಲದು.

ಅದನ್ನು ಹೇಳದೆ ಸತ್ತವರನ್ನು ಇಂದಿನ ಒಂದು ಪಕ್ಷದ ವಕೀಲರನ್ನಾಗಿ ನೇಮಿಸಿಕೊಂಡಾಗ ಕಾದಂಬರಿ ಕೆಡುತ್ತದೆ. ಇಲ್ಲಿ ಉದ್ದೇಶ ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆ ಮಾತು. ಕರ್ನಾಟಕ ಹಂಚಿಹೋಗಿದ್ದ ಕಾಲದಲ್ಲಿ ಗಳಗನಾಥರು ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತು ‘ಮಾಧವ ಕರುಣಾವಿಲಾಸ’ ಬರೆದು, ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದಾಗ ಮಲಗಿದ್ದ ಜನರನ್ನು ಎಬ್ಬಿಸುವ ಕೆಲಸ ಅದರಿಂದ ಆಯಿತು. ವಿದ್ಯಾರಣ್ಯರ ಪಾತ್ರದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ ಎಂಬುದು ಆ ಕೆಲಸದ ಬೆಲೆಯನ್ನು ಕುಗ್ಗಿಸುವುದಿಲ್ಲ. ಆದರೂ ಎಬ್ಬಿಸುವುದಕ್ಕಾಗಿ ಬರೆದದ್ದನ್ನು ಎದ್ದ ಮೇಲೆಯೂ ಇತಿಹಾಸವೆಂದೇ ಓದುತ್ತಿದ್ದರೆ ತಪ್ಪು ಓದುವವರದು.

ಸತ್ತವರಿಗೆ ಅನ್ಯಾಯವಾಗುತ್ತದೆಯೇ ಎಂಬ ಪ್ರಶ್ನೆಗೆ ಧರ್ಮಗಳೂ ತತ್ತ್ವಜ್ಞಾನಿಗಳೂ ಕೊಡುವ ಉತ್ತರ ಒಂದೇ ಅಲ್ಲ. ಅರಿಸ್ಟಾಟಲ್ ಇಲ್ಲಿ ತಡವರಿಸುತ್ತಾನೆ. ಸತ್ತವನ ಸುಖ ಉಳಿದವರ ನಡೆಯಿಂದ ಏರಿಳಿಯುತ್ತದೆ ಎನ್ನುವುದು ಅಸಂಬದ್ಧ, ಏನೂ ತಟ್ಟುವುದಿಲ್ಲ ಎನ್ನುವುದು ನಿರ್ದಯ ಎಂದು ನಡುವೆ ನಿಲ್ಲುತ್ತಾನೆ. ಪಿತೃಋಣವನ್ನು ಒಪ್ಪುವ ವೈದಿಕ ಪರಂಪರೆಯಲ್ಲಿ ಸತ್ತವರೊಡನೆ ಕೊಡುಕೊಳೆ ಮುಗಿದಿರುವುದಿಲ್ಲ. ಜೈನ ದೃಷ್ಟಿಯಲ್ಲಿ ಜೀವ ದೇಹ ಬಿಟ್ಟೊಡನೆ ಮುಂದಿನ ಗತಿಗೆ ಹೋಗುತ್ತದೆ. ಶಾಂತಲೆಯೆಂಬ ಹೆಸರಿನಲ್ಲಿದ್ದ ಜೀವಕ್ಕೆ ಕಾದಂಬರಿಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸುಳ್ಳಿನ ಕರ್ಮ ಅಂಟುವುದು ಹೇಳಿದವನಿಗೆ. ತತ್ತ್ವಾರ್ಥಸೂತ್ರ ಸತ್ಯವ್ರತದ ಅತಿಚಾರಗಳನ್ನು ಎಣಿಸುವಾಗ ಗಂಡಹೆಂಡಿರ ಗುಟ್ಟಿನ ವಿಷಯಗಳನ್ನು ಬಯಲು ಮಾಡುವುದನ್ನೂ ಸುಳ್ಳು ಬರಹ ಸೃಷ್ಟಿಸುವುದನ್ನೂ ಸೇರಿಸಿದೆ. ಕಾದಂಬರಿಕಾರರು ಈ ಪಟ್ಟಿ ನೋಡದಿರುವುದೇ ವಾಸಿ. ಯಾವ ಪುಟವನ್ನೂ ಬರೆಯಲಾಗದು.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಬದುಕಿರುವವರ ಕಡೆಯಿಂದ ನೋಡುತ್ತವೆ. ಬಸವಯುಗದ ಶರಣರನ್ನು ಕುರಿತ ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ತೂಗಿ ನೋಡಿದ್ದು ಇಂದಿನ ಭಕ್ತರ ಭಾವನೆಗೆ ಆಗುವ ನೋವನ್ನು. ಪೂಜ್ಯರ ಬಗ್ಗೆ ಬರೆಯುವವನಿಗೆ ಹೆಚ್ಚಿನ ಹೊಣೆಯಿದೆ ಎಂಬುದನ್ನು ಆನಂದವರ್ಧನನೂ ಒಪ್ಪುತ್ತಿದ್ದ. ಆದರೆ ಮುಟ್ಟುಗೋಲಿನಿಂದ ಸತ್ತವರ ಸತ್ಯಕ್ಕೆ ರಕ್ಷಣೆ ಸಿಕ್ಕಿತೆನ್ನುವಂತಿಲ್ಲ. ಪ್ರಶ್ನೆ ಅಲ್ಲಿಗೆ ನಿಂತುಹೋಗುತ್ತದೆ, ಉತ್ತರ ಬರುವುದಿಲ್ಲ. ಶಾಂತಲೆಯ ವಿಷಯದಲ್ಲಿ ಒಪ್ಪದವರು ಹಿಡಿದ ದಾರಿ ಮೇಲು. ಒಂದು ಕಾದಂಬರಿಗೆ ಇನ್ನೊಂದು ಕಾದಂಬರಿಯ ಉತ್ತರ ಬಂತು, ಓದುಗನ ಕೈಗೆ ಎರಡೂ ಸಿಕ್ಕವು.

ಮಾಂಝೋನಿಯ ದೂರಿಗೆ ಕನ್ನಡದ ಕಾದಂಬರಿಕಾರರು ಕಂಡುಕೊಂಡ ಪರಿಹಾರ ಮುನ್ನುಡಿ. ನಾಗರಾಜರಾವ್ ಅವರಂಥವರು ಅಲ್ಲಿ ತಾವು ನೋಡಿದ ಶಾಸನಗಳನ್ನೂ ಒಪ್ಪದ ಮಾತುಗಳನ್ನೂ ವಿವರಿಸುತ್ತಾರೆ. 2007ರ ‘ಆವರಣ’ದಲ್ಲಿ ಭೈರಪ್ಪನವರು ಆಕರ ಗ್ರಂಥಗಳ ಪಟ್ಟಿಯನ್ನು ಕಥೆಯೊಳಕ್ಕೇ ತಂದರು. ಪಟ್ಟಿ ಇದ್ದ ಮಾತ್ರಕ್ಕೆ ಪಾತ್ರದ ಮನಸ್ಸಿನಲ್ಲಿ ನಡೆದದ್ದಕ್ಕೆ ಪುರಾವೆ ಸಿಕ್ಕಂತಲ್ಲ. ಎಷ್ಟೇ ಗ್ರಂಥ ತಿರುವಿದರೂ ಅಂತರಂಗದ ಪುಟಗಳು ಬರೆದವರವೇ. ಆದರೆ ಸಾಕ್ಷ್ಯ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಎಂದು ಪ್ರಾಮಾಣಿಕವಾಗಿ ತಿಳಿಸುವ ಮುನ್ನುಡಿ ಓದುಗನಿಗೆ ಆಟದ ನಿಯಮವನ್ನು ಹೇಳಿಕೊಡುತ್ತದೆ. ಹೆಚ್ಚಿನ ಓದುಗರು ಅದನ್ನು ಹಾರಿಸಿ ಮೊದಲ ಅಧ್ಯಾಯಕ್ಕೆ ಹೋಗುತ್ತಾರೆ. ಕಥೆಯ ಕುತೂಹಲ ಹಾಳಾಗಬಾರದೆಂದಿದ್ದರೆ ಮೊದಲು ಬೇಡ. ಕಾದಂಬರಿ ಮುಗಿಸಿದ ಮೇಲಾದರೂ ಆ ಪುಟಗಳಿಗೆ ಹಿಂದಿರುಗಿ ಓದಬೇಕು.